ಇಳಿಜಾರಿನ ಲೆಕ್ಕ

ಬೇಸಿಗೆ ರಜೆ. ಶಿವಮೊಗ್ಗದ ಒಂದು ಕುಟುಂಬ ಉಡುಪಿಗೆ ಹೊರಟಿದೆ ಎಂದುಕೊಳ್ಳಿ. ಮುಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಹಿಂದೆ ಅಜ್ಜಿ, ಹತ್ತನೆಯ ತರಗತಿಗೆ ಕಾಲಿಡಲಿರುವ ಮಗಳು, ಅವಳ ತಮ್ಮ. ಡಿಕ್ಕಿಯ ತುಂಬ ಸಾಮಾನು. ತೀರ್ಥಹಳ್ಳಿಯಲ್ಲಿ ತಿಂಡಿಯಾಗಿ, ಆಗುಂಬೆ ದಾಟಿ, ಕಾರು ಘಾಟಿ ಇಳಿಯತೊಡಗಿದೆ.

ಮೊದಲ ತಿರುವು ಕಳೆಯುತ್ತಲೇ ಅಪ್ಪ ಗೇರನ್ನು ನ್ಯೂಟ್ರಲ್ಲಿಗೆ ತಂದರು. "ಇಳಿಜಾರಲ್ಲಿ ಇಂಜಿನ್ ಯಾಕೆ ದುಡಿಬೇಕು? ಪೆಟ್ರೋಲು ಉಳಿಯುತ್ತೆ" ಎಂದರು. ಕಾರು ಸದ್ದಿಲ್ಲದೆ ಜಾರಿತು. ವೇಗ ಏರಿದಾಗಲೆಲ್ಲ ಬ್ರೇಕು. ಐದಾರು ತಿರುವುಗಳಾಗುವಷ್ಟರಲ್ಲಿ ಬ್ರೇಕಿನ ಮೇಲಿಟ್ಟ ಕಾಲು ಅಲ್ಲೇ ನಿಂತಿತ್ತು.

"ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲೋ" ಎಂದರು ಅಜ್ಜಿ.

"ಹೊರಗಿಂದ ಬಂದಿರಬೇಕಮ್ಮ."

ಇನ್ನೆರಡು ತಿರುವು. ಅಪ್ಪನ ಮುಖ ಬದಲಾಯಿತು. ಪೆಡಲ್ ಎಂದಿಗಿಂತ ಆಳಕ್ಕೆ ಹೋಗುತ್ತಿತ್ತು, ಹಿಟ್ಟಿನ ಮುದ್ದೆಯನ್ನು ಒತ್ತಿದ ಹಾಗೆ. ಅದೃಷ್ಟಕ್ಕೆ ಎದುರಿಗೆ ರಸ್ತೆ ಅಗಲವಾಗಿತ್ತು. ಪೆಡಲನ್ನು ಮೇಲಿಂದ ಮೇಲೆ ಒತ್ತಿ, ಎರಡನೇ ಗೇರಿಗೆ ಹಾಕಿ, ಗುಡ್ಡದ ಕಡೆಗೆ ಕಾರನ್ನು ಒಯ್ದು ಹೇಗೋ ನಿಲ್ಲಿಸಿದರು. ಹಿಂದೆ ಬರುತ್ತಿದ್ದ ಟೆಂಪೋದ ಚಾಲಕ ಇಳಿದು ಬಂದು, ಗಾಲಿಯ ಹತ್ತಿರ ಮೂಗು ಹಿಡಿದು, ಕೇಳಿದ್ದು ಒಂದೇ ಪ್ರಶ್ನೆ: "ನ್ಯೂಟ್ರಲ್ಲಲ್ಲಿ ಇಳಿಸಿದ್ರಾ ಸಾರ್?"

ಇದು ಕಲ್ಪಿತ ಪ್ರಸಂಗ. ಆದರೆ ಆಗುಂಬೆ, ಚಾರ್ಮಾಡಿ, ಶಿರಾಡಿ, ಬಾಳೆಬರೆ, ಯಾವ ಘಾಟಿಯಲ್ಲಾದರೂ, ಯಾರ ಮನೆಯ ಕಾರಿನಲ್ಲಾದರೂ ನಡೆಯಬಹುದಾದದ್ದು. ಕಾರು ಕೆಟ್ಟಿರಲಿಲ್ಲ. ಬ್ರೇಕು ತುಂಡಾಗಿರಲಿಲ್ಲ. ಹಾಗಾದರೆ ಆದದ್ದೇನು? ಉತ್ತರ ಹಿಂದಿನ ಸೀಟಿನಲ್ಲಿ ಕುಳಿತ ಹುಡುಗಿಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಎತ್ತರದಲ್ಲಿರುವ ವಸ್ತುವಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ. ಅದನ್ನು ಲೆಕ್ಕ ಹಾಕಲು ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರಾಯಿತು. ಸಣ್ಣ ಕಾರು, ಐದು ಜನ, ಸಾಮಾನು ಎಲ್ಲ ಸೇರಿ 1,000 ಕಿಲೋ. ಇಳಿಯುವ ಎತ್ತರ 400 ಮೀಟರ್ ಎಂದಿಟ್ಟುಕೊಂಡರೆ, 1,000 × 9.8 × 400, ಅಂದರೆ 39 ಲಕ್ಷ ಜೂಲ್‌ಗೂ ಹೆಚ್ಚು. ಘಾಟಿಯ ತಲೆಯಲ್ಲಿ ಕಾರಿನ ಬಳಿ ಇರುವ ಈ ಶಕ್ತಿ ಬುಡದಲ್ಲಿ ಇರುವುದಿಲ್ಲ. ಶಕ್ತಿ ನಾಶವಾಗುವುದಿಲ್ಲ ಎಂದ ಮೇಲೆ ಅದು ಎಲ್ಲಿಗೋ ಹೋಗಲೇಬೇಕು.

ಎಲ್ಲಿಗೆ? ತಡೆಯೇ ಇಲ್ಲದಿದ್ದರೆ ಅದಷ್ಟೂ ಚಲನ ಶಕ್ತಿಯಾಗಿ, ಕಾಗದದ ಮೇಲೆ, ಕಾರಿನ ವೇಗ ಗಂಟೆಗೆ 300 ಕಿಲೋಮೀಟರ್ ಮೀರುತ್ತಿತ್ತು! ಹಾಗಾಗದಂತೆ ನೋಡಿಕೊಳ್ಳುವುದೇ ಚಾಲಕನ ಕೆಲಸ. ರಸ್ತೆಯ ಮತ್ತು ಗಾಳಿಯ ತಡೆ ಒಂದು ಪಾಲನ್ನು ನುಂಗುತ್ತವೆ. ಉಳಿದದ್ದನ್ನು ಬ್ರೇಕು ಅಥವಾ ಇಂಜಿನ್ ನುಂಗಬೇಕು. ನ್ಯೂಟ್ರಲ್ಲಿಗೆ ಹಾಕಿದರೆ ಇಂಜಿನ್ನಿಗೂ ಗಾಲಿಗೂ ಸಂಬಂಧ ಕಡಿಯುತ್ತದೆ. ಆಗ ಇಡೀ ಹೊರೆ ಬ್ರೇಕಿನ ತಲೆಗೆ.

39 ಲಕ್ಷ ಜೂಲ್ ಎಂದರೆ ಎಷ್ಟು? ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 3.15 ಲಕ್ಷ ಜೂಲ್ ಬೇಕು. ಆ ಲೆಕ್ಕದಲ್ಲಿ ಈ ಶಕ್ತಿಯಿಂದ ಹನ್ನೆರಡು ಲೀಟರ್, ಅಂದರೆ ಒಂದು ಕೊಡ ನೀರನ್ನು ಕುದಿಯುವ ಬಿಸಿಗೆ ತರಬಹುದು. ಕಬ್ಬಿಣವಂತೂ ನೀರಿಗಿಂತ ಬಲು ಬೇಗ ಬಿಸಿಯಾಗುವ ವಸ್ತು. ಅದರ ವಿಶಿಷ್ಟೋಷ್ಣ ನೀರಿನದರ ಸುಮಾರು ಒಂಬತ್ತನೆಯ ಒಂದು ಭಾಗ. ನಾಲ್ಕು ಗಾಲಿಗಳ ಡಿಸ್ಕು, ಡ್ರಮ್ಮುಗಳ ಕಬ್ಬಿಣ ಸೇರಿ 20 ಕಿಲೋ ಎಂದುಕೊಂಡು, ಇಷ್ಟೂ ಶಾಖ ಅದಕ್ಕೇ ಸೇರಿ ಹೊರಗೆ ಸ್ವಲ್ಪವೂ ಹೋಗಲಿಲ್ಲ ಎಂದರೆ, ಉಷ್ಣತೆ 400 ಡಿಗ್ರಿಗೂ ಹೆಚ್ಚು ಏರಬೇಕು. ನಿಜದಲ್ಲಿ ಬಹಳಷ್ಟು ಶಾಖವನ್ನು ಬೀಸುವ ಗಾಳಿ ಒಯ್ಯುವುದರಿಂದ ಅಷ್ಟು ಏರುವುದಿಲ್ಲ. ಆದರೆ ಕಾಲನ್ನು ಬ್ರೇಕಿನ ಮೇಲಿಂದ ತೆಗೆಯದೇ ಇದ್ದರೆ ಗಾಳಿಗೆ ಒಯ್ಯಲು ಪುರುಸೊತ್ತು ಸಿಗುವುದಿಲ್ಲ.

ಬಿಸಿ ಹೆಚ್ಚಿದಾಗ ಬ್ರೇಕು ಎರಡು ರೀತಿಯಲ್ಲಿ ಕೈಕೊಡುತ್ತದೆ.

ಮೊದಲನೆಯದು ಪ್ಯಾಡುಗಳ ಸೋಲು. ತಿರುಗುವ ಡಿಸ್ಕನ್ನು ಇಕ್ಕೆಲಗಳಿಂದ ಒತ್ತಿ ಹಿಡಿಯುವ ಪ್ಯಾಡುಗಳ ಘರ್ಷಣ ಗುಣ ಒಂದು ಮಿತಿಯವರೆಗೆ ಮಾತ್ರ ಸರಿಯಾಗಿರುತ್ತದೆ. ಮಿತಿ ಮೀರಿ ಕಾದರೆ ಹಿಡಿತ ಸಡಿಲುತ್ತದೆ. ಪೆಡಲ್ ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಅಜ್ಜಿಯ ಮೂಗಿಗೆ ಬಡಿದದ್ದು ಈ ಪ್ಯಾಡುಗಳ ವಾಸನೆ.

ಎರಡನೆಯದು ಇನ್ನೂ ಅಪಾಯದ್ದು. ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ಕೊಳವೆಗಳಲ್ಲಿ ತುಂಬಿರುವ ಬ್ರೇಕ್ ಆಯಿಲ್. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವೇ ಇದರ ಆಧಾರ. ದ್ರವ ಕುಗ್ಗುವುದಿಲ್ಲವಾದ್ದರಿಂದ ಈ ಏರ್ಪಾಡು ನಡೆಯುತ್ತದೆ. ದ್ರವ ಕುದಿದು ಆವಿಯಾದರೆ? ಆವಿ ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಹಿಡಿ ಒತ್ತಿ ನೋಡಿದ ಮಕ್ಕಳಿಗೆಲ್ಲ ಇದು ಗೊತ್ತು. ಕಾಲಿನ ಶ್ರಮವೆಲ್ಲ ಆವಿಯ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಲಿಗೆ ಏನೂ ತಲುಪುವುದಿಲ್ಲ.

ಬ್ರೇಕ್ ಆಯಿಲ್ ಅಷ್ಟು ಸುಲಭವಾಗಿ ಕುದಿಯುತ್ತದೆಯೆ? ಹೊಸದಾಗಿದ್ದಾಗ ಇಲ್ಲ. ಹೆಸರು ಆಯಿಲ್ ಆದರೂ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿಯವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಈ ದ್ರವಕ್ಕೆ ಒಂದು ದುರ್ಗುಣವಿದೆ. ಮಳೆಗಾಲದಲ್ಲಿ ಮಲೆನಾಡಿನ ಅಡಿಗೆಮನೆಯ ಉಪ್ಪು ನೀರೊಡೆಯುವುದಿಲ್ಲವೆ, ಹಾಗೆ ಇದೂ ಗಾಳಿಯ ತೇವವನ್ನು ಹೀರುತ್ತದೆ. ರಬ್ಬರ್ ಕೊಳವೆಗಳ ಮೂಲಕವೂ ತೇವ ಮೆಲ್ಲಗೆ ಒಳ ಸೇರುತ್ತದೆ. ನೂರರಲ್ಲಿ ಮೂರೂ ಮುಕ್ಕಾಲು ಪಾಲಿನಷ್ಟು ನೀರು ಸೇರಿದರೆ ಸಾಕು, ಆ ಕನಿಷ್ಠ ಮಟ್ಟ ಡಾಟ್ 3ಕ್ಕೆ 140 ಡಿಗ್ರಿಗೂ ಡಾಟ್ 4ಕ್ಕೆ 155 ಡಿಗ್ರಿಗೂ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಇದು ತಿಳಿಯುವುದೇ ಇಲ್ಲ. ಘಾಟಿಯ ಅರ್ಧ ದಾರಿಯಲ್ಲಿ ತಿಳಿಯುತ್ತದೆ.

ಅದಕ್ಕಾಗಿಯೇ ಅನೇಕ ತಯಾರಕರು ಬ್ರೇಕ್ ಆಯಿಲನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಸರಿಯಾದ ಅವಧಿ, ಯಾವ ದರ್ಜೆಯ ದ್ರವ ಎಂಬುದು ಕಾರಿನ ಜೊತೆ ಬರುವ ಪುಸ್ತಕದಲ್ಲಿರುತ್ತದೆ. ಕಡಿಮೆಯಾದಾಗ ಮೇಲಿಂದ ತುಂಬಿದರೆ ಹಳೆಯ ದ್ರವದಲ್ಲಿನ ನೀರು ಹೋಗುವುದಿಲ್ಲ. ಪೂರ್ತಿ ತೆಗೆದು ಹೊಸದನ್ನು ಹಾಕಿಸಬೇಕು. ಮಟ್ಟ ಇಳಿಯುತ್ತಿದ್ದರೆ ಪ್ಯಾಡು ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದರ್ಥ, ಅದನ್ನು ತೋರಿಸಲೇಬೇಕು. ಎಂದೋ ತೆರೆದಿಟ್ಟ ಡಬ್ಬಿಯ ದ್ರವವನ್ನು ಬಳಸಬಾರದು.

ಇನ್ನು ಪೆಟ್ರೋಲ್ ಉಳಿತಾಯದ ಮಾತು. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳ ಕಾಲದಲ್ಲಿ ಈ ನಂಬಿಕೆಗೆ ಸ್ವಲ್ಪ ಆಧಾರವಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಇರುವುದು ಫ್ಯುಯೆಲ್ ಇಂಜೆಕ್ಷನ್. ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿದ್ದರೆ, ಇಂಜಿನ್ನಿನ ವೇಗ ಒಂದು ಮಟ್ಟಕ್ಕಿಂತ ಮೇಲಿರುವವರೆಗೆ ಪೆಟ್ರೋಲ್ ಹರಿಯುವುದನ್ನೇ ಯಂತ್ರ ನಿಲ್ಲಿಸುತ್ತದೆ. ಇಂಜಿನ್ನನ್ನು ತಿರುಗಿಸುವ ಕೆಲಸವನ್ನು ಗಾಲಿಗಳೇ ಮಾಡುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಇಂಜಿನ್ ಆರದಂತೆ ಪೆಟ್ರೋಲ್ ಕೊಡುತ್ತಲೇ ಇರಬೇಕು. ಉಳಿಸಲು ಹೋಗಿ ಸುಟ್ಟಂತಾಯಿತು!

ಇಂಜಿನ್ನನ್ನೇ ಆರಿಸಿ ಇಳಿಯುವವರೂ ಉಂಟು. ಅದಂತೂ ಕೂಡದು. ಬ್ರೇಕಿಗೆ ಬಲ ತುಂಬುವ ಬೂಸ್ಟರ್ ನಡೆಯುವುದು ಸಾಮಾನ್ಯವಾಗಿ ಇಂಜಿನ್ ಉಂಟುಮಾಡುವ ನಿರ್ವಾತದಿಂದ. ಇಂಜಿನ್ ಆರಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಆ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಬಿಗಿಯುತ್ತದೆ. ಕೀಲಿ ಹೊರಗೆ ತೆಗೆದರೆ ಸ್ಟೀರಿಂಗ್ ಬೀಗ ಬೀಳುವುದೂ ಉಂಟು.

ಹಳೆಯ ಬಸ್ಸು, ಲಾರಿ ಚಾಲಕರು ಕಲಿಯುವವರಿಗೆ ಹೇಳಿಕೊಡುತ್ತಿದ್ದ ಸೂತ್ರ ಸರಳ: ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಎರಡನೆಯ ಗೇರಿನಲ್ಲಿ ಕಾಲು ತೆಗೆದಾಗ, ಪೆಟ್ರೋಲ್ ಇಂಜಿನ್ನಿನ ಪಿಸ್ಟನ್ನುಗಳು ಮುಚ್ಚಿದ ಗಾಳಿದಾರಿಯ ಎದುರು ಉಸಿರೆಳೆಯಲು ಹೆಣಗುತ್ತವೆ. ಆ ಹೆಣಗಾಟವೇ ಗಾಲಿಗೆ ತಡೆ. ಅಲ್ಲಿ ಹುಟ್ಟುವ ಶಾಖವನ್ನು ರೇಡಿಯೇಟರೂ ಹೊಗೆಕೊಳವೆಯೂ ಹೊರಗೆ ಸಾಗಿಸುತ್ತವೆ. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಕೂಡಲೇ ಬಿಟ್ಟುಬಿಡಬೇಕು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಿಕೊಳ್ಳಬೇಕು. ಆಟೊಮ್ಯಾಟಿಕ್ ಕಾರುಗಳಲ್ಲೂ ಇದಕ್ಕಾಗಿ ಕೆಳ ಗೇರಿನ ಸ್ಥಾನ ಅಥವಾ ಮ್ಯಾನ್ಯುಯಲ್ ವ್ಯವಸ್ಥೆ ಇರುತ್ತದೆ. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಇಳಿಜಾರಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಮಾತ್ರ ಆ ಅನುಕೂಲ ಕಡಿಮೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿರುವ ಎಬಿಎಸ್ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆ. ಆದರೆ ಕಾದ ಬ್ರೇಕನ್ನು ತಂಪು ಮಾಡುವುದು ಅದರ ಕೆಲಸವಲ್ಲ.

ಇನ್ನೊಂದು ಮಾತು. ಎರಡು ವಾಹನಗಳು ಸರಾಗವಾಗಿ ಸಾಗಲು ಜಾಗವಿಲ್ಲದ ಕಡೆ ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬುದು ನಮ್ಮ ರಸ್ತೆ ನಿಯಮ. ದಾರಿ ಬಿಡಬೇಕಾದರೆ ನಿಲ್ಲಿಸಲು ಬರಬೇಕಷ್ಟೆ.

ಟೆಂಪೋದವರು ಹೇಳಿದಂತೆ ಅಪ್ಪ ರಿವರ್ಸ್ ಗೇರು ಹಾಕಿ, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಮಗ ಕುಡಿಯುವ ನೀರಿನ ಬಾಟಲಿ ತಂದು ಗಾಲಿಗೆ ಸುರಿಯಲು ಹೊರಟಾಗ ಅವರೇ ತಡೆದರು: "ಬೇಡ ಮರಿ, ಕಾದ ಕಬ್ಬಿಣ. ನೀರು ಹಾಕಿದ್ರೆ ಸೊಟ್ಟಗಾಗುತ್ತೆ, ಬಿರುಕೂ ಬಿಡಬಹುದು. ತಾನಾಗಿ ಆರಲಿ."

ಮುಕ್ಕಾಲು ಗಂಟೆ ಕಳೆಯಿತು. ಪೆಡಲ್ ಮೊದಲಿನಂತೆ ಗಟ್ಟಿಯಾಯಿತು.

"ಸರಿಹೋಯ್ತಲ್ಲ" ಎಂದರು ಅಮ್ಮ.

"ಆವಿ ಮತ್ತೆ ದ್ರವ ಆಗಿದೆ ಅಷ್ಟೆ ಅಮ್ಮ. ಅದರೊಳಗಿನ ನೀರು ಅಲ್ಲೇ ಇದೆ" ಎಂದಳು ಮಗಳು.

ಅವಳು ಹೇಳಿದ್ದು ಸರಿ. ಆರಿದ ಮೇಲೆ ಬ್ರೇಕು ಸರಿಯಾದಂತೆ ಕಾಣುವುದೇ ಇಲ್ಲಿನ ಮೋಸ. ಎಷ್ಟೋ ಜನ ಅಲ್ಲಿಗೆ ಮರೆತು, ಮುಂದಿನ ಘಾಟಿಯಲ್ಲಿ ಅದನ್ನೇ ಮಾಡುತ್ತಾರೆ. ಅಪ್ಪ ಮರೆಯಲಿಲ್ಲ. ಉಳಿದ ತಿರುವುಗಳನ್ನು ಮೊದಲನೆಯ, ಎರಡನೆಯ ಗೇರಿನಲ್ಲೇ ಇಳಿದು ಸೋಮೇಶ್ವರ ತಲುಪಿದರು. ಹೆಬ್ರಿಯ ಗ್ಯಾರೇಜಿನಲ್ಲಿ ಹೊರಬಂದ ದ್ರವ ಚಹದ ಡಿಕಾಕ್ಷನ್ನಿನಂತಿತ್ತು. ಕಾರು ಕೊಂಡಂದಿನಿಂದ ಅದನ್ನು ಬದಲಿಸಿದ ನೆನಪು ಯಾರಿಗೂ ಇರಲಿಲ್ಲ.

ಮೂರು ದಿನ ಬಿಟ್ಟು ಅದೇ ಘಾಟಿಯನ್ನು ಏರುವಾಗ ಮಗಳು ಹಿಂದಿನ ಗಾಜಿನಿಂದ ನೋಡುತ್ತಿದ್ದಳು. ಇಳಿದು ಹೋಗುವ ಕಾರುಗಳ ಕೆಂಪು ದೀಪ ಕೆಲವದ್ದು ತಿರುವಿನಲ್ಲಿ ಹೊತ್ತಿ, ಆಮೇಲೆ ಆರುತ್ತಿತ್ತು. ಒಂದು ಕಾರಿನದು ಮಾತ್ರ, ಕಣ್ಣಿಗೆ ಮರೆಯಾಗುವವರೆಗೂ, ಆರಲೇ ಇಲ್ಲ.

"ಅಪ್ಪ, ಅವರಿಗೆ ಹೇಳೋದು ಹೇಗೆ?" ಎಂದು ಕೇಳಿದಳು.