ಹಿತ್ತಲಿಗೆ ಸಿಮೆಂಟ್ ಬೇಡ, ತುಂಬೆ ಬರಲಿ

ಪಟ್ಟಣದಲ್ಲಿ ಮನೆ ಕಟ್ಟಿಸುವವರು ಕೊನೆಗೆ ಕೈಹಾಕುವುದು ಹಿತ್ತಲಿಗೆ. ಗಾರೆ ಕೆಲಸದವರು ಹೊರಡುವ ಮುನ್ನ ಉಳಿದ ಜಲ್ಲಿ, ಸಿಮೆಂಟ್ ಕಲಸಿ ನೆಲಕ್ಕೆ ಬಳಿದುಬಿಡುತ್ತಾರೆ. ಕೆಸರಾಗುವುದಿಲ್ಲ, ಗುಡಿಸುವುದು ಸುಲಭ ಎಂಬ ಸಮಜಾಯಿಷಿಯೂ ಇರುತ್ತದೆ. ಅದಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು. 1,000 ಚದರಡಿ ನೆಲದ ಮೇಲೆ 25 ಮಿ.ಮೀ. ಮಳೆ ಸುರಿದರೆ ಸುಮಾರು 2,300 ಲೀಟರ್ ನೀರು ಬೀಳುತ್ತದೆ. ಮಣ್ಣಿದ್ದರೆ ಒಂದಷ್ಟಾದರೂ ಇಂಗೀತು. ಸಿಮೆಂಟಾದರೆ ಅಷ್ಟೂ ಚರಂಡಿಪಾಲು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರ್‌ಗೆ ಕಾದು ನಿಂತದ್ದನ್ನು ಇಷ್ಟು ಬೇಗ ಮರೆಯಬಾರದು.

ಓಡಾಡಲು ಇಡೀ ಹಿತ್ತಲು ಬೇಕಿಲ್ಲ, ಎರಡಡಿ ಅಗಲದ ಕಾಲುದಾರಿ ಸಾಕು. ಮನೆಯವರೇ ಸೇರಿ ಇದನ್ನು ಹಾಕಿಕೊಳ್ಳಬಹುದು. ದಾರ ಹಿಡಿದು ಗುರುತು ಮಾಡಿ, ಐದಾರು ಅಂಗುಲ ಅಗೆದು, ತಳಕ್ಕೆ ಸಣ್ಣ ಜಲ್ಲಿ ಹರವಿ ಚೆನ್ನಾಗಿ ದಮ್ಮಸು ಮಾಡಬೇಕು. ಮೇಲೆ ಎರಡಂಗುಲ ಮರಳು, ಅದರ ಮೇಲೆ ಕಲ್ಲು. ಕಲಬುರಗಿ ಕಡೆ ಶಹಾಬಾದ್ ಕಲ್ಲು, ಕರಾವಳಿಯಲ್ಲಿ ಕೆಂಪುಕಲ್ಲು, ಹಳೇ ಮೈಸೂರು ಭಾಗದಲ್ಲಿ ಗ್ರಾನೈಟ್ ಚಪ್ಪಡಿ ಸಿಗುತ್ತದೆ. ಕಲ್ಲಿಂದ ಕಲ್ಲಿಗೆ ಎರಡು ಬೆರಳು ಸಂದು ಬಿಟ್ಟು, ಮಣ್ಣು ತುಂಬಿ ಗರಿಕೆ ಊರಿದರೆ ಮಳೆನೀರು ಅಲ್ಲೇ ಇಳಿಯುತ್ತದೆ. ಚಪ್ಪಡಿ ಅಲುಗಾಡತೊಡಗಿದರೆ ಎತ್ತಿ, ಅಡಿಗೆ ಒಂದಿಷ್ಟು ಮರಳು ಹಾಕಿ ಕೂರಿಸಿದರಾಯಿತು.

ಉಳಿದ ನೆಲ ಕಾಡುಹೂಗಳಿಗೆ.

ಅನೇಕರು ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ‘ವೈಲ್ಡ್‌ಫ್ಲವರ್ ಮಿಕ್ಸ್’ ಪೊಟ್ಟಣ ತರಿಸುತ್ತಾರೆ. ಪಾಪಿ, ಕಾಸ್ಮಾಸ್‌ನಂಥ ಹೊರದೇಶದ ಹೂಗಳು ಕಾಡುಹೂವಿನ ಹೆಸರಿನಲ್ಲಿ ಹಿತ್ತಲು ಸೇರುತ್ತವೆ. ಅಲಂಕಾರಕ್ಕೆಂದು ಬಂದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಹೇಗೆ ಆವರಿಸಿದೆ ಎಂಬುದನ್ನು ಕಂಡ ಮೇಲೂ ಈ ಉದಾಸೀನ ಸಲ್ಲದು. ಬೇಕಾದ ಬೀಜ ಊರಾಚೆಯ ಬದುವಿನಲ್ಲೇ ಇದೆ: ತುಂಬೆ, ಅಣ್ಣೆ, ತಗಚೆ, ಉತ್ತರಾಣಿ, ವಿಷ್ಣುಕ್ರಾಂತಿ. ಗಣೇಶನಿಗೆ ಏರಿಸುವ 21 ಪತ್ರೆಗಳಲ್ಲಿ ಉತ್ತರಾಣಿ, ವಿಷ್ಣುಕ್ರಾಂತಿ, ಎಕ್ಕ, ಗರಿಕೆ ಎಲ್ಲವೂ ಸೇರಿವೆ. ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಕಟ್ಟು ಕೊಳ್ಳುವವರು ಇವನ್ನು ಹಿತ್ತಲಲ್ಲೇ ಬೆಳೆಯಬಹುದು.

ಹೂಬಿಟ್ಟ ತುಂಬೆಯ ಪಕ್ಕ ಬೆಳಿಗ್ಗೆ ಕುಳಿತು ನೋಡಬೇಕು. ಕಾಂಡದ ಗಿಣ್ಣಿನ ಸುತ್ತ ಗುಂಡನೆಯ ಹಸಿರು ಗೊಂಚಲು, ಅದರಿಂದ ಹೊರಚಾಚಿದ ಪುಟ್ಟ ಬಿಳಿ ಹೂಗಳು. ತುಡುವೆ ಜೇನು ಬಂದು ಕೆಳಗಿನ ಅಗಲ ಎಸಳಿನ ಮೇಲೆ ಕೂತು, ತಲೆ ತೂರಿಸಿ ಮಕರಂದ ಹೀರಿ, ಪಕ್ಕದ ಹೂವಿಗೆ ಹಾರುತ್ತದೆ. ಇನ್ನು ಚಿಟ್ಟೆಗಳಿಗೆ ಹೂವಷ್ಟೇ ಸಾಲದು, ಮರಿಹುಳುವಿಗೆ ಎಲೆಯೂ ಬೇಕು. ಪ್ಲೇನ್ ಟೈಗರ್ ಎಕ್ಕದ ಮೇಲೆ, ಕಾಮನ್ ಮಾರ್ಮನ್ ಕರಿಬೇವಿನ ಮೇಲೆ ಮೊಟ್ಟೆಯಿಡುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿಯ ಕುಟುಂಬವನ್ನೇ ನಂಬಿಕೊಂಡಿದೆ.

ಗಿಡ ಬೆಳೆದರೆ ಹಾವು ಬರುತ್ತದೆ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಹಾವು ಇಲಿ, ಕಪ್ಪೆ ಹುಡುಕಿಕೊಂಡು ಬರುತ್ತದೆ. ಸೌದೆ, ಕಲ್ಲಿನ ರಾಶಿಯಲ್ಲಿ ಅಡಗುತ್ತದೆ. ಅಂಥ ರಾಶಿ ತೆಗೆಸಿ, ಗೋಡೆಯಿಂದ ಮೂರಡಿ ಬಿಟ್ಟು ಬಿತ್ತಿ, ಕಾಲುದಾರಿಯ ಅಂಚು ಸವರುತ್ತಿದ್ದರೆ ಅಪಾಯ ಬಹಳ ಕಡಿಮೆ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಕುಂಡದ ತಟ್ಟೆ, ಹಳೆ ಟೈರು, ಮುಚ್ಚಳವಿಲ್ಲದ ಡ್ರಮ್ಮಿನ ನೀರಿನಲ್ಲೇ ಹೊರತು ತುಂಬೆ ಗಿಡದಲ್ಲಲ್ಲ. ಕಾಂಗ್ರೆಸ್ ಹುಲ್ಲನ್ನು ಮಾತ್ರ ಹೂಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಬೇರುಸಮೇತ ಕಿತ್ತೆಸೆಯಬೇಕು.

ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮನೆಯಂಗಳಕ್ಕೆ ಜಲ್ಲಿ ಸುರಿದು ‘ಜಲ್ಲಿ ತೋಟ’ ಮಾಡುವುದನ್ನು 2020ರಲ್ಲಿ ಕಾನೂನಿನಿಂದಲೇ ತಡೆಯಿತು. ಇಲ್ಲೂ ಮನೆಯ ಸುತ್ತ ಜಾಗ ಬಿಡಬೇಕೆಂಬ ನಿಯಮವಿದೆ. ಹಾಗೆ ಬಿಟ್ಟ ಜಾಗದಲ್ಲಿ ಅರ್ಧವಾದರೂ ಮಣ್ಣಾಗಿ ಉಳಿಯಬೇಕೆಂದು ಸ್ಥಳೀಯ ಸಂಸ್ಥೆಗಳು ನಕ್ಷೆ ಮಂಜೂರು ಮಾಡುವಾಗಲೇ ಷರತ್ತು ಹಾಕಲಿ. ಪಾಲಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಮನೆಯವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮಳೆಗಾಲ ಕಳೆದು ಬದುವಿನ ತುಂಬೆ ಒಣಗಿದಾಗ ಬೀಜ ಉದುರಿಸಿ ಕಾಗದದ ಪೊಟ್ಟಣದಲ್ಲಿ ಎತ್ತಿಟ್ಟರೆ, ಮುಂದಿನ ಮುಂಗಾರಿನ ಮೊದಲ ಹದಕ್ಕೆ ಬಿತ್ತಬಹುದು.