ಹೊಲಿಗೆ ಅಥಣೀದು, ಹೆಸರು ಕೊಲ್ಹಾಪುರದ್ದು!

ಕರ್ ಕರ್ ಅನ್ನೋ ಕೊಲ್ಹಾಪುರಿ ಚಪ್ಪಲಿ ಬರೀ ಕೊಲ್ಹಾಪುರದ್ದು ಎನ್ನುವವರು ಒಮ್ಮೆ ಅಥಣಿ, ನಿಪ್ಪಾಣಿ, ಮದಭಾವಿಯ ಸಮಗಾರ ಓಣಿಗೆ ಬಂದು ನೋಡಲಿ. ಜಾಲಿ ತೊಗಟೆ, ಅಣಲೆಕಾಯಿಯಲ್ಲಿ ಹದಗೊಂಡ ತೊಗಲು. ಮೊಳೆಯ ಮಾತೇ ಇಲ್ಲ, ತೊಗಲಿನ ಎಳೆಯಿಂದಲೇ ಹೊಲಿಗೆ. ಗಂಡಸರು ಅಟ್ಟೆ ಕತ್ತರಿಸಿದರೆ ಹೆಂಗಸರು ಜಡೆ ಹೆಣೆಯುತ್ತಾರೆ. ಮಾಲು ಗಡಿ ದಾಟಿತೋ, ಹೊಲಿದವರ ಊರ ಹೆಸರು ಮಾಯ!

ಕಾಯ್ದೆ ಹಾಗೆ ಹೇಳುವುದಿಲ್ಲ. 2018–19ರಲ್ಲಿ ದೊರೆತ ಜಿಐ ಟ್ಯಾಗ್ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಸಮಪಾಲು!

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮೂಲದ ಹೆಸರೆತ್ತದೆ ಇದೇ ಮಾದರಿಯನ್ನು ಮಿಲಾನ್‌ನಲ್ಲಿ ಮೆರೆಸಿತು. ಗದ್ದಲವೆದ್ದಾಗ, ಚಿಕ್ಕೋಡಿ, ರಾಯಬಾಗ ಭಾಗದ ಕುಶಲಿಗರೂ ಇದ್ದಾರೆಂದು ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ರಾಜ್ಯಗಳ ಚರ್ಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಅದರಲ್ಲಿ ಓಣಿಗೆ ಬರೋದು ಎಷ್ಟು? ಲಿಡ್ಕರ್ ಲೆಕ್ಕ ಬಿಚ್ಚಿಡಲಿ.

ಮಹಾರಾಷ್ಟ್ರದ ನಿಗಮ 2025ರ ಜುಲೈನಲ್ಲಿ ಚಪ್ಪಲಿಗೆ ಕ್ಯೂಆರ್ ಕೋಡ್ ತಂದಿತು. ಮೊಬೈಲ್ ಹಿಡಿದರೆ ಮಾಡಿದವರ ವಿವರ ಕಾಣುತ್ತದೆ. ಅಥಣಿ, ಕಾಗವಾಡದ ಪ್ರತಿ ಜೋಡಿಯ ಮೇಲೂ ಹೊಲಿದವರ ಹೆಸರು, ಊರು ಕಾಣಲೇಬೇಕು. ಫೋಟೋ ತೆಗೆದು ಆನ್‌ಲೈನ್‌ನಲ್ಲಿ ನೇರ ಮಾರೋದನ್ನ ಲಿಡ್ಕರ್ ಸಿಬ್ಬಂದಿ ಓಣಿಗೇ ಬಂದು ಕಲಿಸಲಿ. ಕುಶಲಿಗರು ಬೆಂಗಳೂರಿಗೆ ಅಲೆಯೋದು ಬೇಡ.

ಹೆಸರೂ ಇಲ್ಲ, ಹಣವೂ ಇಲ್ಲ ಅಂದಮೇಲೆ ಅಪ್ಪನ ರಂಪಿಗೆಯನ್ನು ಮಗ ಯಾಕೆ ಹಿಡಿದಾನು? ಹಿಡಿಯೋರೇ ಇಲ್ಲವಾದ ಮೇಲೆ ಟ್ಯಾಗ್ ಕಟ್ಟೋದು ಯಾವ ಚಪ್ಪಲಿಗೆ?