ಸಿಡಿಲಿನ ಸುದ್ದಿ ಕುರಿಗಾಹಿಗೆ ಮುಟ್ಟಿಸುವವರು ಯಾರು?

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಎರೆ ಹೊಲಗಳಲ್ಲಿ ಸಿಡಿಲಿಗೆ ಜೀವ ಹೋದಾಗ ಕೇಳಿಬರುವ ಸಮಜಾಯಿಷಿ ಒಂದೇ: ಆ್ಯಪ್ ಇದೆಯಲ್ಲ, ಜನರೇ ಹಾಕಿಕೊಳ್ಳುವುದಿಲ್ಲ. ಸತ್ತವನ ಮೇಲೇ ತಪ್ಪು ಹೊರಿಸುವ ಮಾತಿದು.

ಆ್ಯಪ್ ಕೆಟ್ಟದ್ದೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎರಡೂ ಸಿಡಿಲು ಎಷ್ಟು ಹತ್ತಿರದಲ್ಲಿದೆ ಎಂದು ನಾವು ನಿಂತ ಜಾಗಕ್ಕೇ ತೋರಿಸುತ್ತವೆ. ಆದರೆ ಕಪ್ಪತಗುಡ್ಡದ ಸೆರಗಿನಲ್ಲಿ ಕುರಿ ಮೇಯಿಸುವವನ ಕಿಸೆಯಲ್ಲಿರುವುದು ಕೀಪ್ಯಾಡ್ ಫೋನು. ಕೂಲಿಗೆ ಹೋದವಳ ಸ್ಮಾರ್ಟ್‌ಫೋನು ಮನೆಯಲ್ಲಿ ಮಗನ ಕೈಯಲ್ಲಿ.

ಇನ್ನು ‘ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆ’ ಎಂಬ ಸಂದೇಶ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತವನಿಗೂ ಅದೇ, ಲಕ್ಷ್ಮೇಶ್ವರದ ಬಯಲಲ್ಲಿ ಹೊಲ ಹರಗುವವನಿಗೂ ಅದೇ. ಗುಡ್ಡದ ಈಚೆ ಸುರಿದರೆ ಆಚೆ ಹನಿಯೂ ಬೀಳದ ಸೀಮೆ ನಮ್ಮದು. ನಾಲ್ಕು ಸಲ ಹುಸಿಯಾದದ್ದನ್ನು ಐದನೆಯ ಸಲ ಯಾರು ನಂಬುತ್ತಾರೆ?

ಎಚ್ಚರಿಕೆ ಇದ್ದೂ ಜನರಿಗೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠವೊಂದಿದೆ. ಕೊಲಂಬಿಯಾದಲ್ಲಿ 1985ರ ನವೆಂಬರ್ 13ರಂದು ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿದು, ಹಿಮ ಕರಗಿ ನುಗ್ಗಿದ ಕೆಸರಿಗೆ ಆರ್ಮೆರೊ ಪಟ್ಟಣ ಮತ್ತು ಸುತ್ತಲಿನ 20 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅಪಾಯದ ನಕ್ಷೆ ಅದಕ್ಕೂ ತಿಂಗಳ ಮುಂಚೆಯೇ ಸಿದ್ಧವಿತ್ತು. ನಕ್ಷೆ ಕಚೇರಿಯಲ್ಲಿತ್ತು, ಜನ ಮನೆಯಲ್ಲಿದ್ದರು.

ನಮ್ಮಲ್ಲಿ ಸಾಧನಕ್ಕೆ ಬರವಿಲ್ಲ. 2023ರ ಅಕ್ಟೋಬರ್ 12ರಂದು ಪರೀಕ್ಷೆಗೆಂದು ಕಳಿಸಿದ ತುರ್ತು ಸಂದೇಶಕ್ಕೆ ರಾಜ್ಯದ ತುಂಬ ಫೋನುಗಳು ಒಮ್ಮೆಲೇ ಕಿರುಚಿದ್ದವು. ಅದಕ್ಕೆ ಆ್ಯಪ್ ಬೇಕಿರಲಿಲ್ಲ, ಟವರೇ ಸಾಕಾಗಿತ್ತು. ಕರ ವಸೂಲಿಗೆ ಆಟೊಕ್ಕೆ ಮೈಕ್ ಕಟ್ಟಿ ಓಣಿ ಓಣಿ ಕೂಗಿಸುವುದು ಪಂಚಾಯ್ತಿಗೆ ಗೊತ್ತು. ಮೋಡ ಕಟ್ಟಿದಾಗ ಹೊಲದ ಕಡೆ ಮುಖ ಮಾಡಿ ಸೈರನ್ ಒತ್ತುವವರು ಯಾರೆಂದು ಹೆಸರು ಬರೆದು ಪಂಚಾಯ್ತಿ ಗೋಡೆಗೆ ಹಚ್ಚಲಿ.

ಕೂಗಿದರಷ್ಟೇ ಸಾಲದು. ಎರೆ ಬಯಲಲ್ಲಿ ಕಣ್ಣು ಹಾಯುವಷ್ಟು ದೂರಕ್ಕೂ ಇರುವುದು ಒಂದು ಬೇವಿನ ಮರ. ಮಳೆ ಬಂದರೆ ಅದರಡಿ ಓಡುವುದು ರೂಢಿ. ಸಿಡಿಲು ಹುಡುಕಿಕೊಂಡು ಬರುವುದೂ ಅದನ್ನೇ. ಮರದಡಿ ನಿಲ್ಲಬೇಡಿ ಎನ್ನುವ ಪೋಸ್ಟರು ಮತ್ತೆಲ್ಲಿ ನಿಲ್ಲಬೇಕು ಎಂದೂ ಹೇಳಬೇಕಲ್ಲ? ಬರೀ ತಗಡಿನ ಶೆಡ್ಡನ್ನು ನಂಬುವಂತಿಲ್ಲ. ಶಾಲೆಯನ್ನೋ ಸಮುದಾಯ ಭವನವನ್ನೋ ಮುಟ್ಟುವಷ್ಟು ಮುಂಚೆ ಸೈರನ್ ಆಗಬೇಕು, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಅಲ್ಲೇ ಇರಬೇಕು.

ಹುಸಿ ಸೈರನ್ನಿಗೆ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ ಎಂಬ ತಕರಾರು ನಿಜವಾದದ್ದು. ಉದ್ಯೋಗ ಖಾತ್ರಿ ಕೆಲಸದಲ್ಲಿ ಆ ಹೊತ್ತಿನ ಕೂಲಿ ಮುರಿಯುವುದಿಲ್ಲ ಎಂದು ಜಿಲ್ಲಾ ಪಂಚಾಯ್ತಿ ಮುಂಗಾರಿಗೆ ಮೊದಲೇ ಆದೇಶ ಹೊರಡಿಸಲಿ.